ಉಪವಿಷಯವಾಗಿ ಬಂದ ಮಾನವಶಾಸ್ತ್ರ

ಬಿ.ಎ. ತರಗತಿಯ ಪ್ರವೇಶಪತ್ರದಲ್ಲಿ ‘ಪ್ರಧಾನ ವಿಷಯ’, ‘ಉಪವಿಷಯ’ ಎಂದು ಎರಡು ಗೆರೆಗಳಿರುತ್ತಿದ್ದ ಕಾಲವೊಂದಿತ್ತು. ಮೊದಲನೆಯ ಗೆರೆಯನ್ನು ತುಂಬುವಾಗ ವಿದ್ಯಾರ್ಥಿಯೂ ಆತನ ಮನೆಯವರೂ ಬಹಳ ವಿಚಾರ ಮಾಡುತ್ತಿದ್ದರು. ಎರಡನೆಯದರ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ವೇಳಾಪಟ್ಟಿಗೆ ಯಾವುದು ಹೊಂದುತ್ತದೆ, ಯಾವುದಕ್ಕೆ ಹಳೆಯ ಪುಸ್ತಕಗಳು ಅರ್ಧ ಬೆಲೆಗೆ ಸಿಗುತ್ತವೆ, ಯಾವ ಅಧ್ಯಾಪಕರು ಕೈಬಿಚ್ಚಿ ಅಂಕ ಕೊಡುತ್ತಾರೆ ಎಂಬಿಷ್ಟೇ ವಿಚಾರದ ಮೇಲೆ ಆ ಗೆರೆ ತುಂಬಿಹೋಗುತ್ತಿತ್ತು. ಆದರೆ ಹೀಗೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ ವಿಷಯವೇ ಮನೆಯೊಳಗಿನ ದೀಪವನ್ನು ದೊಡ್ಡದು ಮಾಡಿದ ಉದಾಹರಣೆಗಳು ಇಲ್ಲದಿಲ್ಲ. ಅಂಥದೊಂದು ಉದಾಹರಣೆ ಇಲ್ಲಿದೆ.

ನವಲಗುಂದ ತಾಲೂಕಿನ ಎರೆಭೂಮಿಯ ಒಂದು ಹಳ್ಳಿಯ ಹುಡುಗನು ಮಠದ ಪ್ರಸಾದನಿಲಯದಲ್ಲಿ ಉಂಡು, ಮಠದ ಪ್ರೌಢಶಾಲೆಯಲ್ಲಿ ಓದಿ, 1975ರಲ್ಲಿ ಧಾರವಾಡದಲ್ಲಿ ಬಿ.ಎ. ತರಗತಿಗೆ ಸೇರಿದನು. ಪ್ರಧಾನ ವಿಷಯ ಕನ್ನಡ. ಅದರ ಬಗ್ಗೆ ಸಂಶಯವಿರಲಿಲ್ಲ. ಉಪವಿಷಯಕ್ಕೆ ಇತಿಹಾಸ ಬೇಕೆಂದಿದ್ದನು. ಆ ತುಕಡಿ ತುಂಬಿಹೋಗಿತ್ತು. ಕಚೇರಿಯ ಕಾರಕೂನರು ತಲೆಯೆತ್ತದೆಯೆ ‘ಮಾನವಶಾಸ್ತ್ರ ಬರೀಲೇನು?’ ಎಂದು ಕೇಳಿದರು. ಹಿಂದೆ ಸಾಲು ಉದ್ದವಾಗಿತ್ತು. ಹುಡುಗ ಹೂಂ ಎಂದನು. ರಜೆಯಲ್ಲಿ ಊರಿಗೆ ಹೋದಾಗ ತಂದೆ ಕೇಳಿದ ಪ್ರಶ್ನೆ, ಈ ವಿಷಯವನ್ನು ಆರಿಸಿಕೊಂಡ ಎಲ್ಲ ಮಕ್ಕಳ ತಂದೆಯರೂ ಎಲ್ಲ ದೇಶಗಳಲ್ಲಿಯೂ ಕೇಳುವ ಪ್ರಶ್ನೆಯೇ ಆಗಿತ್ತು: ಅದನ್ನು ಓದಿದವನು ಏನಾಗುತ್ತಾನೆ?

ಮೊದಲ ವರ್ಷದ ಪಾಠ ಆ ಪ್ರಶ್ನೆಗೆ ಉತ್ತರ ಕೊಡುವಂತಿರಲಿಲ್ಲ. ಮನುಷ್ಯನ ದೇಹ, ಪ್ರಾಚೀನ ಶಿಲಾಯುಧ, ಭಾಷೆ, ಸಮಾಜ — ಇಷ್ಟನ್ನೂ ಒಂದೇ ಶಾಸ್ತ್ರವು ತನ್ನದೆಂದು ಹೇಳಿಕೊಳ್ಳುವುದನ್ನು ಕಂಡು ಹುಡುಗನಿಗೆ ಇದೇನು ಕಿರಾಣಿ ಅಂಗಡಿಯೋ ಎಂದೆನಿಸಿತು. ಮಲಪ್ರಭೆಯ ದಂಡೆಯಲ್ಲಿ ಸಿಕ್ಕಿರುವಂಥ ಕಲ್ಲಿನ ಕೈಗೊಡಲಿಯನ್ನು ಮುಟ್ಟಿ ನೋಡಿದ್ದು ಒಂದು ದಿನದ ಸಂತೋಷ. ಆಮೇಲೆ ತಲೆ ಅಳೆಯುವ ಕೆಲಸ ಬಂದಿತು. ಬಾಗಿದ ಕೈಗಳ ಕೈವಾರವನ್ನು ಹಿಡಿದು ಜೊತೆಗಾರನ ತಲೆಯ ಉದ್ದ, ಅಗಲಗಳನ್ನು ಗುರುತಿಸಿ, ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಬೇಕು. 75ಕ್ಕಿಂತ ಕಡಿಮೆ ಬಂದರೆ ನೀಳತಲೆ, 80ನ್ನು ಮೀರಿದರೆ ದುಂಡುತಲೆ. ಒಂದೇ ಊರಿನ, ಒಂದೇ ಜಾತಿಯ ಇಬ್ಬರಲ್ಲಿ ಒಬ್ಬ ನೀಳತಲೆಯವನಾಗಿಯೂ ಇನ್ನೊಬ್ಬ ದುಂಡುತಲೆಯವನಾಗಿಯೂ ಹೊರಬಿದ್ದಾಗ ತರಗತಿಯಲ್ಲಿ ನಗೆ ಎದ್ದಿತು. ಅಧ್ಯಾಪಕರು ನಗಲಿಲ್ಲ. 1901ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ರಿಸ್ಲೆಯವರು ಮೂಗಿನ ಅಗಲವನ್ನು ಅಳೆದು, ಮೂಗು ಅಗಲವಾದಷ್ಟೂ ಜಾತಿ ಕೆಳಗಿಳಿಯುತ್ತದೆಂದು ಸಾಧಿಸಹೊರಟದ್ದನ್ನು ಹೇಳಿದರು. ಅದಾದ ಒಂದು ದಶಕದಲ್ಲಿಯೇ ಅಮೆರಿಕದಲ್ಲಿ ಫ್ರಾನ್ಜ್ ಬೋವಾಸ್ ಎಂಬವರು ವಲಸೆ ಬಂದ ಸಾವಿರಾರು ಜನರ ಹಾಗೂ ಅವರ ಮಕ್ಕಳ ತಲೆಗಳನ್ನು ಅಳೆದು, ಅಲ್ಲಿ ಹುಟ್ಟಿದ ಮಕ್ಕಳ ತಲೆಯ ಆಕಾರ ತಂದೆತಾಯಿಗಳದಕ್ಕಿಂತ ಬೇರೆಯಾಗುವುದೆಂದು ತೋರಿಸಿದ್ದನ್ನೂ ಹೇಳಿದರು. ಒಂದು ಶಾಸ್ತ್ರವು ತಾನು ಮಾಡಿದ ಅನ್ಯಾಯವನ್ನು ತನ್ನ ಪಠ್ಯಪುಸ್ತಕದಲ್ಲಿಯೇ ಬರೆದಿಟ್ಟುಕೊಳ್ಳುವುದು ಹುಡುಗನಿಗೆ ಹೊಸದಾಗಿ ಕಂಡಿತು. ಎಲ್ಲ ಶಾಸ್ತ್ರಗಳಿಗೂ ಆ ಧೈರ್ಯವಿಲ್ಲ.

ಎರಡನೆಯ ವರ್ಷ ಬಂಧುತ್ವದ ಪಾಠ ಪ್ರಾರಂಭವಾಯಿತು. ತ್ರಿಕೋನವೆಂದರೆ ಗಂಡಸು, ವೃತ್ತವೆಂದರೆ ಹೆಂಗಸು, ಎರಡು ಅಡ್ಡಗೆರೆಗಳೆಂದರೆ ಮದುವೆ, ಗೀಟು ಎಳೆದು ಹೊಡೆದುಹಾಕಿದ ಗುರುತೆಂದರೆ ತೀರಿಕೊಂಡವರು. ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಇಂಗ್ಲಿಷಿನ ‘ಅಂಕಲ್’ ಎಂಬ ಶಬ್ದವನ್ನು ಬರೆದು, ಇದಕ್ಕೆ ಕನ್ನಡವೇನೆಂದು ಕೇಳಿದರು. ಒಬ್ಬ ದೊಡ್ಡಪ್ಪನೆಂದನು, ಒಬ್ಬ ಕಾಕಾ ಎಂದನು, ಒಬ್ಬ ಸೋದರಮಾವನೆಂದನು. ಮೂವರೂ ಸರಿ, ಮೂವರೂ ತಪ್ಪು. ಅಲ್ಲಿಂದ ಮುಂದೆ ಒಂದು ತಾಸು ನಡೆದ ಪಾಠವನ್ನು ಹುಡುಗನು ಆಮೇಲೆ ಎಂದೂ ಮರೆಯಲಿಲ್ಲ.

ಕನ್ನಡಿಗನಿಗೆ ತಂದೆಯ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ. ಇಬ್ಬರೂ ಒಂದು ಬಗೆಯ ಅಪ್ಪಂದಿರೇ. ತಾಯಿಯ ಅಕ್ಕತಂಗಿಯರು ದೊಡ್ಡವ್ವ, ಚಿಕ್ಕವ್ವ, ಅವರೂ ಅವ್ವಂದಿರೇ. ಧಾರವಾಡದ ಸೀಮೆಯಲ್ಲಿ ಚಿಕ್ಕಪ್ಪನನ್ನು ಮರಾಠಿಯಿಂದ ಎರವಲು ತಂದ ‘ಕಾಕಾ’ ಎಂಬ ಮಾತಿನಿಂದ ಕರೆಯುತ್ತಾರೆ. ಆದರೆ ಶಬ್ದ ಬದಲಾದರೂ ಸ್ಥಾನ ಬದಲಾಗಲಿಲ್ಲ. ಇವರೆಲ್ಲರ ಮಕ್ಕಳು ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರೊಡನೆ ಮದುವೆಯ ಮಾತೇ ಇಲ್ಲ. ಆದರೆ ತಾಯಿಯ ಅಣ್ಣತಮ್ಮ ಅಪ್ಪನಲ್ಲ, ಮಾವ. ತಂದೆಯ ಅಕ್ಕತಂಗಿ ಅವ್ವನಲ್ಲ, ಅತ್ತೆ. ಹೆಣ್ಣು ಕೊಟ್ಟವನೂ ಮಾವನೇ, ಆತನ ಹೆಂಡತಿಯೂ ಅತ್ತೆಯೇ. ಅಕ್ಕನ ಮಗ ಗಂಡಸಿಗೆ ಅಳಿಯ. ಮಗಳ ಗಂಡನೂ ಅಳಿಯ. ಸೋದರಸೊಸೆಯೂ ಸೊಸೆ, ಮಗನ ಹೆಂಡತಿಯೂ ಸೊಸೆ. ಅಂದರೆ ಯಾರ ಮನೆಯಿಂದ ಹೆಣ್ಣು ತರಬಹುದು, ಯಾರ ಮನೆಯಿಂದ ತರಬಾರದು ಎಂಬ ಇಡೀ ಕಟ್ಟಳೆಯನ್ನು ಮಗುವು ಮಾತು ಕಲಿಯುವಾಗಲೇ, ಯಾರೂ ಹೇಳಿಕೊಡದೆಯೆ, ನಾಲಗೆಯ ಮೇಲೆ ಹೊತ್ತುಕೊಂಡಿರುತ್ತದೆ. ಹದಿನೆಂಟು ವರ್ಷ ದಿನಾಲು ಆಡಿದ ಮಾತುಗಳಲ್ಲಿ ಇಂಥದೊಂದು ಕಟ್ಟಡವಿದೆಯೆಂಬುದು ಹುಡುಗನಿಗೆ ಆ ದಿನದವರೆಗೆ ತಿಳಿದಿರಲಿಲ್ಲ. ಕನ್ನಡ ಪ್ರಧಾನ ವಿಷಯದವನಾದರೂ ಇದನ್ನು ಕಂಡದ್ದು ಉಪವಿಷಯದ ತರಗತಿಯಲ್ಲಿ.

ಈ ಕನ್ನಡ ಶಬ್ದಗಳು 1871ರಷ್ಟು ಹಿಂದೆಯೇ ಅಮೆರಿಕದಲ್ಲಿ ಅಚ್ಚಾಗಿದ್ದವು. ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ಎಂಬ ಊರಿನ ವಕೀಲ ಲೂಯಿ ಹೆನ್ರಿ ಮಾರ್ಗನ್ನರು ತಮ್ಮ ನೆರೆಯ ಸೆನೆಕಾ ಎಂಬ ಮೂಲನಿವಾಸಿಗಳಲ್ಲಿ ತಂದೆಯ ತಮ್ಮನನ್ನೂ ‘ತಂದೆ’ ಎಂದೇ ಕರೆಯುವುದನ್ನು ಗಮನಿಸಿದ್ದರು. ದಕ್ಷಿಣ ಭಾರತದಲ್ಲಿದ್ದು ಬಂದ ಮಿಶನರಿಯೊಬ್ಬರಿಂದ ತಮಿಳರಲ್ಲಿಯೂ ಹಾಗೆಯೇ ಇದೆಯೆಂಬುದು 1859ರಲ್ಲಿ ಅವರಿಗೆ ತಿಳಿಯಿತು. ಮಾರ್ಗನ್ನರು ಪ್ರಶ್ನಾವಳಿಗಳನ್ನು ಲೋಕದ ನಾನಾ ಕಡೆಗೆ ಕಳುಹಿಸಿ, ಬಂದ ಉತ್ತರಗಳನ್ನು ದೊಡ್ಡ ಕೋಷ್ಟಕಗಳಲ್ಲಿ ಜೋಡಿಸಿದರು. ತಮಿಳು, ತೆಲುಗುಗಳೊಡನೆ ಕನ್ನಡದ ಶಬ್ದಗಳೂ ಅಲ್ಲಿವೆ. ಇದರಿಂದ ಅಮೆರಿಕದ ಮೂಲನಿವಾಸಿಗಳು ಏಷ್ಯದಿಂದ ಬಂದವರೆಂದು ಸಾಧಿಸಿದೆನೆಂದು ಅವರು ತಿಳಿದರು. ಶಬ್ದಗಳ ಹೋಲಿಕೆಯಿಂದ ಅಷ್ಟು ದೂರ ಹೋಗುವಂತಿಲ್ಲ. ಎರಡು ಪದ್ಧತಿಗಳೂ ಎಲ್ಲ ವಿವರಗಳಲ್ಲಿ ಒಂದೇ ಅಲ್ಲವೆಂಬುದು ಆಮೇಲಿನವರಿಗೆ ಗೊತ್ತಾಯಿತು. ದ್ರಾವಿಡ ಶಬ್ದಗಳ ಹಿಂದಿರುವುದು ಮದುವೆಯ ಕಟ್ಟಳೆಯೆಂದು ಫ್ರಾನ್ಸಿನ ಲೂಯಿ ಡ್ಯೂಮೋ ಅವರು 1953ರಲ್ಲಿ ಬರೆದರು. ಹುಡುಗನಿಗೆ ಈ ವಾದವಿವಾದಗಳು ಅರ್ಧ ತಿಳಿದವು, ಅರ್ಧ ಪರೀಕ್ಷೆಗೆಂದು ಬಾಯಿಪಾಠವಾದವು. ಆದರೆ ತನ್ನ ಅಜ್ಜಿಯ ಅಡಿಗೆಮನೆಯ ಮಾತು ಅಷ್ಟು ದೂರದ ವಕೀಲನೊಬ್ಬನ ನಿದ್ದೆಗೆಡಿಸಿತ್ತೆಂಬುದು ಆತನಿಗೆ ಹೆಮ್ಮೆಯಾಗಿ ಕಂಡಿತು. ಹಳ್ಳಿಯಿಂದ ಬಂದವನು ಕಾಲೇಜಿನಲ್ಲಿ ತನ್ನ ಊರಿನ ಮಾತನ್ನು ಅಡಗಿಸಿಕೊಂಡು ನಡೆಯುವ ವಯಸ್ಸು ಅದು.

ದೀಪಾವಳಿಯ ರಜೆಗೆ ಮನೆಗೆಲಸ ಸಿಕ್ಕಿತು: ಪ್ರತಿಯೊಬ್ಬನೂ ತನ್ನ ಮನೆತನದ ವಂಶಾವಳಿಯನ್ನು ಹಿರಿಯರಿಂದ ಕೇಳಿ ಬರೆದು ತರತಕ್ಕದ್ದು. ಇದಕ್ಕೊಂದು ರೀತಿಯಿದೆ. 1898ರಲ್ಲಿ ಟಾರಸ್ ಜಲಸಂಧಿಯ ದ್ವೀಪಗಳಿಗೆ ಹೋದ, ಆಮೇಲೆ ನೀಲಗಿರಿಯ ತೋಡರನ್ನು ಕುರಿತು 1906ರಲ್ಲಿ ಗ್ರಂಥವನ್ನು ಪ್ರಕಟಿಸಿದ ರಿವರ್ಸ್ ಎಂಬ ವೈದ್ಯರು ಅದನ್ನು ರೂಪಿಸಿದರು. ತಂದೆ, ತಾಯಿ, ಮಗು, ಗಂಡ, ಹೆಂಡತಿ ಎಂಬ ಐದೇ ಮಾತುಗಳಿಂದ ಪ್ರಶ್ನೆ ಕೇಳಬೇಕು. ಬಳಕೆಯ ಸಂಬಂಧದ ಮಾತುಗಳನ್ನು ನಂಬಿದರೆ ದೊಡ್ಡಪ್ಪನೂ ಅಪ್ಪನಾಗಿಬಿಡುತ್ತಾನೆ. ಹುಟ್ಟಿದವರೆಲ್ಲರನ್ನೂ ಹುಟ್ಟಿದ ಕ್ರಮದಲ್ಲಿ, ಸತ್ತವರನ್ನೂ ಕೂಡಿಸಿ ಕೇಳಬೇಕು. ಅಧ್ಯಾಪಕರು ತಮ್ಮ ಅನುಭವದ ಒಂದು ಸೂಚನೆಯನ್ನೂ ಸೇರಿಸಿದ್ದರು: ಒಂದು ಮಗುವಿಗೂ ಇನ್ನೊಂದಕ್ಕೂ ನಡುವೆ ನಾಲ್ಕಾರು ವರ್ಷದ ತೆರವು ಕಂಡರೆ ಸುಮ್ಮನೆ ಮುಂದೆ ಹೋಗಬೇಡಿರಿ, ಮತ್ತೊಮ್ಮೆ ಕೇಳಿರಿ.

ಅಜ್ಜಿಗೆ ಆಗ ಎಪ್ಪತ್ತೈದರ ಸುಮಾರು. ಹುಟ್ಟಿದ ವರ್ಷ ಗೊತ್ತಿರಲಿಲ್ಲ. ಪ್ಲೇಗು ಬಂದು ಊರು ಹೊಲಕ್ಕೆ ಹೋಗಿ ಗುಡಿಸಲು ಹಾಕಿದ ವರ್ಷದಿಂದ ಎಣಿಸುತ್ತಿದ್ದಳು. ತಂದೆಗೆ ಬರುತ್ತಿದ್ದ ಹೆಸರುಗಳು ಮೂರು ತಲೆಮಾರಿಗೆ ನಿಂತವು. ಅವೆಲ್ಲ ಗಂಡಸರ ಹೆಸರುಗಳು. ಹೊಲದ ಉತಾರದಲ್ಲಿ ಬರುವವರು ಅವರೇ ಅಲ್ಲವೆ? ಅಜ್ಜಿ ಐದನೆಯ ತಲೆಮಾರಿನವರೆಗೆ ಹೋದಳು. ಯಾವ ಊರಿನಿಂದ ಯಾರು ಈ ಮನೆಗೆ ಬಂದರು, ಈ ಮನೆಯಿಂದ ಯಾರನ್ನು ಯಾವ ಊರಿಗೆ ಕೊಟ್ಟರು, ಯಾರ ಬಾಣಂತನ ಎಲ್ಲಾಯಿತು, ಯಾವಾಕೆ ಮಕ್ಕಳಿಲ್ಲದೆ ಸತ್ತಳು — ಕಣ್ಣುಮುಚ್ಚಿ ಹೇಳುತ್ತ ಹೋದಳು. ಹುಡುಗನ ಹಾಳೆಯಲ್ಲಿ ಬರಿಯ ತ್ರಿಕೋನಗಳ ಸಾಲಾಗಿದ್ದ ಮನೆತನ ಸಂಜೆಯ ಹೊತ್ತಿಗೆ ವೃತ್ತಗಳಿಂದ ತುಂಬಿತು. ಓದುಬರಹವಿಲ್ಲದ ಅಜ್ಜಿಯ ಬಳಿ ಇಷ್ಟೊಂದು ದಫ್ತರವಿತ್ತೆಂದು ಮನೆಯವರಾರೂ ತಿಳಿದಿರಲಿಲ್ಲ, ಕೇಳಿದವರಿರಲಿಲ್ಲ, ಅಷ್ಟೆ.

ಮರುದಿನ ಅಜ್ಜಿಯ ಸ್ವಂತ ಮಕ್ಕಳ ಸರದಿ ಬಂದಿತು. ಬದುಕಿದವರು ಮೂವರು ಗಂಡುಮಕ್ಕಳು: ಹುಡುಗನ ತಂದೆ, ಇಬ್ಬರು ಕಾಕಾಂದಿರು. ಹಸುಗೂಸಿನಲ್ಲಿಯೇ ಹೋದವು ಮೂರು. ಅವು ಯಾವ ತಿಂಗಳಲ್ಲಿ ಹುಟ್ಟಿ ಯಾವ ತಿಂಗಳಲ್ಲಿ ಹೋದವೆಂಬುದನ್ನೂ ಆಕೆ ಹೇಳಿದಳು. ಹುಡುಗ ಬರೆದುಕೊಂಡು ನೋಡಿದರೆ ತಂದೆಗೂ ಹಿರಿಯ ಕಾಕಾನಿಗೂ ನಡುವೆ ಏಳು ವರ್ಷದ ತೆರವು. ಕಲಿಸಿದ್ದ ಪ್ರಕಾರ ಮತ್ತೊಮ್ಮೆ ಕೇಳಿದನು. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ.

‘ಹುಟ್ಟಿದ ಎಲ್ಲಾರ್ನೂ ಬರೀಬೇಕೇನು?’

‘ಹೌದಬೇ, ಎಲ್ಲಾರ್ನೂ.’

‘ಹಂಗಾದರ ಇನ್ನೊಬ್ಬಾಕಿ ಅದಾಳ.’

ತಂದೆ ಬಾಗಿಲಲ್ಲಿ ನಿಂತಿದ್ದವರು ಹೊರಗೆ ಹೋದರು. ಆಕೆ ತಂದೆಯ ಬೆನ್ನಿಗೆ ಹುಟ್ಟಿದವಳು. ಇಪ್ಪತ್ತು ವರ್ಷದ ಹಿಂದೆ ಬೇರೆ ಜಾತಿಯವನೊಬ್ಬನನ್ನು ಮದುವೆಯಾಗಿ ಸೊಲ್ಲಾಪುರಕ್ಕೆ ಹೋದವಳು. ಆತನಿಗೆ ಅಲ್ಲಿಯ ಗಿರಣಿಯಲ್ಲಿ ಕೆಲಸ. ಅಂದಿನಿಂದ ಆ ಮನೆಯಲ್ಲಿ ಆ ಹೆಸರು ಬಂದಿರಲಿಲ್ಲ. ‘ಸೋದರತ್ತೆ’ ಎಂಬ ಶಬ್ದದ ಅರ್ಥವನ್ನು ಹುಡುಗನು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಿಡಿಸಿ ಹೇಳಿದ್ದನು. ಹಾಗೆಂದು ಕರೆಯಲು ತನಗೆ ಒಬ್ಬಳಿದ್ದಾಳೆಂಬುದು ಆತನಿಗೆ ಗೊತ್ತಿರಲಿಲ್ಲ.

ಶಾಸ್ತ್ರದ ಪ್ರಕಾರ ಆ ವೃತ್ತವನ್ನು ಹಾಳೆಯ ಮೇಲೆ ಹಾಕಲೇಬೇಕು. ಅದು ಇಲ್ಲದಿದ್ದರೆ ವಂಶಾವಳಿ ಸುಳ್ಳಾಗುತ್ತದೆ. ಹಾಕಿದರೆ ಮನೆಯ ಮಾತನ್ನು ಪರರಿಗೆ ತೋರಿಸಿದಂತೆ. ಹುಡುಗನು ಧಾರವಾಡಕ್ಕೆ ಮರಳಿ, ಅಧ್ಯಾಪಕರಲ್ಲಿ ಯಾರ ಮನೆಯ ಮಾತೆಂದು ಹೇಳದೆ ಸಂಶಯವನ್ನು ಮುಂದಿಟ್ಟನು. ಅವರು ಯಾರ ಮನೆಯದೆಂದು ಕೇಳಲಿಲ್ಲ. ಅದೇ ವರ್ಷ, 1976ರಲ್ಲಿ, ಎಂ.ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’ ಗ್ರಂಥ ಪ್ರಕಟವಾಗಿತ್ತು. ಅವರು ಅದರ ಸಂಗತಿಯನ್ನು ಹೇಳಿದರು. ಮೈಸೂರಿನ ಶ್ರೀನಿವಾಸರೂ ಮಾನವಶಾಸ್ತ್ರವನ್ನು ಮೊದಲು ಕಂಡದ್ದು ಪದವಿ ತರಗತಿಯಲ್ಲಿಯೇ. ಮಹಾರಾಜಾ ಕಾಲೇಜಿನಲ್ಲಿ ಎ.ಆರ್. ವಾಡಿಯಾ ಅವರ ಕೈಕೆಳಗೆ ಸಮಾಜ ತತ್ತ್ವಶಾಸ್ತ್ರದ ಆನರ್ಸ್ ಓದುವಾಗ, ಹಲವು ವಿಷಯಗಳ ನಡುವಿನ ಒಂದು ಪಾಲಾಗಿ. 1948ರಲ್ಲಿ ಅವರು ಮೈಸೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ನೆಲಸಿ ಅಭ್ಯಾಸ ಮಾಡಿ, ಅದರ ನಿಜ ಹೆಸರನ್ನು ಮರೆಮಾಡಿ ‘ರಾಂಪುರ’ ಎಂದು ಕರೆದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಅಭ್ಯಾಸದ ಕೋಣೆಗೆ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ಹಲವು ವರ್ಷ ಜೋಡಿಸಿದ ಟಿಪ್ಪಣಿಗಳು ಸುಟ್ಟುಹೋದವು. ಉಳಿದ ನೆನಪಿನಿಂದಲೇ ಆ ಗ್ರಂಥವಾಯಿತು. ಊರಿನ ಹೆಸರನ್ನು ಮರೆಮಾಡುವುದು ಸುಳ್ಳಲ್ಲ, ಊರನ್ನು ಇಲ್ಲವೆನ್ನುವುದು ಸುಳ್ಳು ಎಂದು ಅಧ್ಯಾಪಕರು ಮಾತು ಮುಗಿಸಿದರು. ಹುಡುಗನು ಹೆಸರಿಲ್ಲದ ಒಂದು ವೃತ್ತವನ್ನು ತಂದೆಯ ತ್ರಿಕೋನದ ಪಕ್ಕದಲ್ಲಿ ಹಾಕಿ ವಹಿಯನ್ನು ಒಪ್ಪಿಸಿದನು. ಹತ್ತಕ್ಕೆ ಏಳು ಅಂಕ ಬಂದವು, ಗೆರೆಗಳು ನೆಟ್ಟಗಿರಲಿಲ್ಲವಂತೆ.

ಮನೆಗೊಂದು ಪ್ರತಿಯನ್ನು ಆತನು ಬೇರೆ ಬರೆದುಕೊಟ್ಟಿದ್ದನು. ಅಜ್ಜಿ ಅದನ್ನು ಮಡಚಿ ತನ್ನ ಟ್ರಂಕಿನಲ್ಲಿಟ್ಟುಕೊಂಡಳು. ಅಕ್ಷರ ಬಾರದಿದ್ದರೂ ಯಾವ ವೃತ್ತ ಯಾರದೆಂಬುದು ಆಕೆಗೆ ಬಾಯಿಪಾಠವಾಗಿತ್ತು. ಆಗಾಗ ತೆಗೆದು ಬೆರಳಿಟ್ಟು ನೋಡುತ್ತಿದ್ದಳೆಂದು ತಾಯಿ ಹೇಳುತ್ತಿದ್ದಳು. 1981ರ ಬೇಸಗೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಾಗ ಟ್ರಂಕನ್ನು ತೆಗೆದವರು ತಂದೆ. ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಮಗನನ್ನು ಕೇಳಿದ್ದು ಇಷ್ಟೇ: ಸೊಲ್ಲಾಪುರದಾಗ ಯಾವ ಗಿರಣಿ? ಅಜ್ಜಿ ಹೇಳಿದಾಗಲೇ ಹುಡುಗ ಬರೆದಿಟ್ಟುಕೊಂಡಿದ್ದನು. ತಾರು ಹೋಯಿತು. ಮೂರನೆಯ ದಿನ ಬೆಳಗಿನ ಬಸ್ಸಿಗೆ ಆಕೆ ಬಂದು ಇಳಿದಳು. ಅಜ್ಜಿಗೆ ಇನ್ನೂ ಎಚ್ಚರವಿತ್ತು. ಆ ಮನೆಯೊಳಗೆ ಆಮೇಲೆ ಏನೇನು ನಡೆಯಿತೆಂಬುದು ಇಲ್ಲಿ ಬರೆಯತಕ್ಕ ಸಂಗತಿಯಲ್ಲ.

ಇನ್ನು ತಂದೆ ಕೇಳಿದ ಮೊದಲ ಪ್ರಶ್ನೆ ಹಾಗೆಯೇ ಉಳಿಯಿತು. ಓದಿದವನು ಏನಾಗುತ್ತಾನೆ? ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆ 1945ರಿಂದ ಇದೆ, ಮೈಸೂರಿನಲ್ಲಿ ಅದರ ಕೇಂದ್ರವಿದೆ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ವಿಭಾಗವಿದೆ. ಆದರೆ ಅಲ್ಲಿಯ ಹುದ್ದೆಗಳು ಕೈಬೆರಳೆಣಿಕೆಯವು. ಉಪವಿಷಯವಾಗಿ ಓದಿದವರಿಗೆ ಅವು ದೂರ. ಆದ್ದರಿಂದ ಹುಡುಗನು ಬಿ.ಎಡ್. ಮುಗಿಸಿ, 1980ರಲ್ಲಿ ಒಂದು ಪ್ರೌಢಶಾಲೆಯಲ್ಲಿ ಕನ್ನಡದ ಮಾಸ್ತರನಾಗಿ ಸೇರಿದ್ದನು. ಶಿಕ್ಷಕರಿಗೂ ಈ ಶಾಸ್ತ್ರಕ್ಕೂ ನಂಟು ಹಳೆಯದು. ಭಾರತೀಯ ಮಾನವಶಾಸ್ತ್ರದ ಹಿರಿಯರಲ್ಲೊಬ್ಬರಾದ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಕೊಚ್ಚಿಯ ಸಂಸ್ಥಾನದಲ್ಲಿ ಮಾಸ್ತರರಾಗಿದ್ದವರು. 1902ರಲ್ಲಿ ಜನಾಂಗಗಳ ಸರ್ವೇಕ್ಷಣದ ಕೆಲಸ ಬಂದಾಗ ಸಂಬಳವಿಲ್ಲದೆ, ವಾರದ ರಜೆಗಳಲ್ಲಿ ಅದನ್ನು ನಡೆಸಿದರು. ಮುಂದೆ ಕಲಕತ್ತೆಯ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರವನ್ನು ಕಲಿಸಿದರು. ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದ ಎಚ್.ವಿ. ನಂಜುಂಡಯ್ಯನವರು 1920ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಸಾಮಗ್ರಿಯನ್ನು ಸೇರಿಸಿಕೊಂಡು ಮೈಸೂರಿನ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತ ನಾಲ್ಕು ಸಂಪುಟಗಳನ್ನು ಹೊರತಂದವರೂ ಅವರೇ. ಆ ಸಂಪುಟಗಳಲ್ಲಿ ಇಂದು ಒಪ್ಪಲಾಗದ ಮಾತುಗಳು ಬಹಳಿವೆ. ಕೆಲಸದ ಶ್ರದ್ಧೆ ಮಾತ್ರ ಒಪ್ಪತಕ್ಕದ್ದು.

ಮಾಸ್ತರರಾದ ಮೇಲೆ ಅವರು ಮಾನವಶಾಸ್ತ್ರದ ಮಾತೆತ್ತಿದ್ದು ಕಡಿಮೆ. ಒಮ್ಮೆ ಮಾತ್ರ ಎತ್ತಲೇಬೇಕಾಯಿತು. ಶಾಲೆಗೆ ಹುಬ್ಬಳ್ಳಿಯ ಸೆಟ್ಲಮೆಂಟಿನ ಕಡೆಯಿಂದ ಬರುವ ಒಬ್ಬ ಹುಡುಗನಿದ್ದನು. ಶಿಕ್ಷಕರ ಕೊಠಡಿಯಲ್ಲಿ ಯಾರದೋ ಲೇಖನಿ ಕಾಣದಾದಾಗ, ಹುಡುಕುವ ಮೊದಲೇ ಆ ಹುಡುಗನ ಹೆಸರು ಬಂದಿತು. ‘ಸೆಟ್ಲಮೆಂಟ್’ ಎಂಬ ಮಾತನ್ನು ಎಲ್ಲರೂ ದಿನಾಲು ಆಡುತ್ತಿದ್ದರು, ಬಸ್ಸಿನ ನಿಲ್ದಾಣದ ಹೆಸರಿನಂತೆ. ಮಾಸ್ತರರು ಅದರ ಕಥೆಯನ್ನು ಹೇಳಿದರು. ಮಾರ್ಗನ್ನರ ಗ್ರಂಥ ಹೊರಬಂದ 1871ರಲ್ಲಿಯೇ ಬ್ರಿಟಿಷ್ ಸರಕಾರವು ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗೊತ್ತುಪಡಿಸುವ ಕಾಯಿದೆಯನ್ನು ತಂದಿತು. 1911ರ ಕಾಯಿದೆಯಿಂದ ಅದು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಬೇಲಿಯೊಳಗಿನ ವಸತಿಗಳಾದವು. ಹೊರಗೆ ಹೋಗಲು ಅನುಮತಿ ಬೇಕು, ಹಾಜರಿ ಕೊಡಬೇಕು. ಹಸುಗೂಸು ಕೂಡ ಆ ಜನಾಂಗದ್ದೆಂದರೆ ಅಪರಾಧಿಯ ಹಣೆಪಟ್ಟಿಯೊಡನೆಯೇ ಹುಟ್ಟುತ್ತಿತ್ತು. ಸ್ವಾತಂತ್ರ್ಯ ಬಂದ ಐದು ವರ್ಷಗಳ ಮೇಲೆ, 1952ರಲ್ಲಿ, ಕಾಯಿದೆ ರದ್ದಾಯಿತು. ಬೇಲಿ ಹೋಯಿತು, ಹೆಸರು ನಿಂತಿತು. ಮಾಸ್ತರರು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಪರೀಕ್ಷೆಯ ಉತ್ತರದಂತೆ ವರ್ಷಗಳನ್ನು ಕ್ರಮವಾಗಿ ಹೇಳಿದರು. ಕೊಠಡಿಯಲ್ಲಿದ್ದವರಲ್ಲಿ ಇಬ್ಬರು ಒಪ್ಪಿದರು. ಒಬ್ಬರು ಮಾತು ಬಿಟ್ಟರು, ಬಹಳ ದಿನ ಮಾತಾಡಲಿಲ್ಲ. ಆ ಹುಡುಗನನ್ನು ಮಾತ್ರ ಯಾರೂ ಕರೆದು ಕೇಳಲಿಲ್ಲ.

ಪ್ರತಿವರ್ಷವೂ ಅವರು ಒಂಬತ್ತನೆಯ ತರಗತಿಯ ಮಕ್ಕಳಿಗೆ ದೀಪಾವಳಿಯ ರಜೆಯಲ್ಲಿ ವಂಶಾವಳಿ ಬರೆಯುವ ಮನೆಗೆಲಸ ಕೊಡುತ್ತಿದ್ದರು. ಸಂಬಂಧವಾಚಕಗಳ ಪಾಠಕ್ಕೆ ಪೂರಕವೆಂಬುದು ದಫ್ತರಕ್ಕೆ ಹೇಳಿದ ಕಾರಣ. ಕೇಳುವುದು ಅಜ್ಜಿಯನ್ನು, ಅಜ್ಜಿಯಿಲ್ಲದಿದ್ದರೆ ಓಣಿಯ ಹಿರಿಯಳನ್ನು. ತರಗತಿಯಲ್ಲಿ ಯಾರೂ ಗಟ್ಟಿಯಾಗಿ ಓದತಕ್ಕದ್ದಿಲ್ಲ, ಒಬ್ಬರದನ್ನು ಒಬ್ಬರು ನೋಡತಕ್ಕದ್ದಿಲ್ಲ, ಹೇಳಲೊಲ್ಲದ ಹೆಸರಿನ ಬದಲು ಬರಿಯ ಗುರುತು ಹಾಕಿದರೂ ಸಾಕು. ತಂದೆಯ ಹೆಸರು ಗೊತ್ತಿಲ್ಲದ ಮಕ್ಕಳು ತಾಯಿಯಿಂದ ಪ್ರಾರಂಭಿಸಬಹುದು. ಗೆರೆಗೆ ಅದರಿಂದ ಏನೂ ತೊಂದರೆಯಿಲ್ಲ. ಹಾಳೆಗಳಿಗೆ ಅವರು ಅಂಕ ಹಾಕುತ್ತಿರಲಿಲ್ಲ. ನೋಡಿ, ಮೂಲೆಯಲ್ಲಿ ಸಹಿ ಮಾಡಿ, ಮನೆಯಲ್ಲಿ ಇಟ್ಟುಕೊಳ್ಳಲು ಹೇಳಿ ಮರಳಿ ಕಳುಹಿಸುತ್ತಿದ್ದರು. ಅವರು 2017ರಲ್ಲಿ ನಿವೃತ್ತರಾಗುವವರೆಗೂ ಇದು ತಪ್ಪಲಿಲ್ಲ. ಕೆಲವು ಹುಡುಗರು ವಾರ ಕಳೆದ ಮೇಲೆ ಅದೇ ಹಾಳೆಯನ್ನು ಮತ್ತೆ ತಂದು ತೋರಿಸುತ್ತಿದ್ದರು. ಅದರಲ್ಲಿ ಹುಡುಗನದಲ್ಲದ ಕೈಬರಹದಲ್ಲಿ, ಸೀಸದಕಡ್ಡಿಯಿಂದ, ಒಂದೆರಡು ಹೆಸರುಗಳು ಹೆಚ್ಚಿಗೆ ಸೇರಿರುತ್ತಿದ್ದವು.